ಹತ್ತರಲ್ಲಿ ಒಂದು ಹೊಡೆತ

ಚಪಾತಿ ಲಟ್ಟಿಸುತ್ತಿದ್ದ ಶಿವಕುಮಾರಿ ಲಟ್ಟಣಿಗೆಯನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದಳು. ಎಡಗೈ ಮೇಲೆ, ಬಲಗೈ ಕೆಳಗೆ, ಬಲಗೈಯ ಕಿರುಬೆರಳು ಎಡಗೈಯ ತೋರುಬೆರಳಿಗೆ ಕೊಕ್ಕೆ. ಒಲೆಯ ಮುಂದೆ ಮೊಣಕಾಲನ್ನು ಸ್ವಲ್ಪ ಮಡಿಸಿ ನಿಂತು, ನೆಲದ ಮೇಲೆ ಇಲ್ಲದ ಚೆಂಡನ್ನು ನೋಡಿದಳು. ಹಂಚಿನ ಮೇಲಿನ ಚಪಾತಿ ಸೀದ ವಾಸನೆ ಮೂಗಿಗೆ ಬಂದಾಗಲೇ ತಾನು ಮುಂಬೈಯ ಆಂಟಾಪ್ ಹಿಲ್‌ನ ಮೂರನೇ ಮಾಳಿಗೆಯ ಅಡುಗೆಮನೆಯಲ್ಲಿ ನಿಂತಿದ್ದೇನೆಂದು ನೆನಪಾದದ್ದು. ರಾತ್ರಿಯಿಡೀ ಹೀಗೇ ಆಗಿತ್ತು. ಕಣ್ಣು ಮುಚ್ಚಿದರೆ ಹೋದ ಭಾನುವಾರದ ಆ ಒಂದು ಹೊಡೆತ, ಬಾಡಿಗೆಯ ಏಳನೇ ನಂಬರಿನ ಐರನ್ನಿನಿಂದ, ಗಾಲ್ಫಿನ ಆ ಕಬ್ಬಿಣದ ಕೋಲಿನಿಂದ, ಹೊರಟು, ಏರಿ, ಏರಿದ ಮೇಲೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತು, ಬಾವುಟದ ಪಕ್ಕಕ್ಕೆ ಇಳಿದ ಚೆಂಡು. ಆ ಕ್ಷಣ ಕೈಗೆ ಏನೂ ತಾಗಿರಲಿಲ್ಲ. ಚೆಂಡೇ ಇರಲಿಲ್ಲವೇನೋ ಎಂಬಂತೆ ಇತ್ತು. ನಲವತ್ತೊಂದು ವರ್ಷದ ತಾನು, ವಡಾಲದ ಸಾಗಣೆ ಕಂಪನಿಯಲ್ಲಿ ಕಂಟೇನರ್‌ಗಳ ಕಾಗದಪತ್ರ ನೋಡುವವಳು, ಮದುವೆಯ ಹಿಂದಿನ ದಿನ ಕೂಡ ಇಷ್ಟು ಚಡಪಡಿಸಿರಲಿಲ್ಲ ಎನ್ನಿಸಿ ಒಬ್ಬಳೇ ನಕ್ಕಳು. ಇವತ್ತು ಅವಳು ತನ್ನದೇ ಐರನ್‌ಗಳನ್ನು ಕೊಳ್ಳುವವಳಿದ್ದಳು.

ಹನ್ನೊಂದು ತಿಂಗಳ ಹಿಂದೆ ಕಂಪನಿಯವರು ಹನ್ನೆರಡು ಜನರನ್ನು ಖಾರ್ಘರ್ ಕಡೆಯ ಒಂದು ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋಗಿ, ಊಟಕ್ಕೆ ಮುಂಚೆ ಆಟಕ್ಕೆಂದು ತಲೆಗೆ ಹತ್ತು ಚೆಂಡು ಕೊಟ್ಟಿದ್ದರು. ಒಂಬತ್ತು ತಪ್ಪಿ ಹತ್ತನೆಯದು ತಾಗಿತು. ಉಳಿದವರು ಪನೀರು ತಿನ್ನಲು ಹೋದರು, ಅವಳು ಹೋಗಲಿಲ್ಲ. ಅಲ್ಲಿಂದೀಚೆಗೆ ಪ್ರತಿ ಭಾನುವಾರ ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಅಲ್ಲಿಗೆ. ಮೊದಲ ಸಲ ಒಂಬತ್ತು ಗುಳಿ ಮುಗಿಸಲು ಎಪ್ಪತ್ಮೂರು ಹೊಡೆತ ಬೇಕಾಗಿದ್ದವು. ಹೋದ ವಾರ ಐವತ್ತೈದು. ಗಂಡ ಈಶ್ವರ ಬಸ್ ಡ್ರೈವರು, ಭಾನುವಾರವೂ ಡ್ಯೂಟಿ. ಕೆಳಗಿನ ಮನೆಯವರು ಕೊಂಡ ವ್ಯಾಯಾಮದ ಸೈಕಲ್ಲಿನ ಮೇಲೆ ಈಗ ಟವೆಲ್ ಒಣಗುತ್ತಿರುವುದನ್ನು ಒಮ್ಮೆ ಜ್ಞಾಪಿಸಿದನೇ ಹೊರತು ಬೇಡ ಎನ್ನಲಿಲ್ಲ. ಬೋನಸ್ಸಿನ ದುಡ್ಡು, ನಿನ್ನದೇ, ಅದರಾಚೆ ಮಾತ್ರ ಹೋಗಬೇಡ ಎಂದ. ಹೋಗುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಆದರೆ ಮೂರು ವಾರದಿಂದ ಮೊಬೈಲಿನಲ್ಲಿ ಒಂದೇ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. ತೆಳ್ಳಗೆ, ಕತ್ತಿಯ ಅಲಗಿನ ಹಾಗೆ, ಹಿಂಭಾಗದಲ್ಲಿ ಒಂದೇ ಒಂದು ಗೆರೆಯ ಉಬ್ಬು. ದೊಡ್ಡ ಆಟಗಾರರ ಐರನ್. ಅದು ಚೀಲದಿಂದ ಇಣುಕುತ್ತಿದ್ದರೆ ನೀನು ಯಾರು, ಎಲ್ಲಿಂದ ಬಂದೆ ಎಂದು ಯಾರೂ ಕೇಳುವುದಿಲ್ಲ.

"ಏನ ಹಿಡದೀ ಅದು, ಹಾರಿ-ಗುದ್ದಲಿ ಹಿಡದಂಗ?"

ಬಾಗಿಲಲ್ಲಿ ಅವ್ವ ಗುರುಬಾಯಿ ನಿಂತಿದ್ದಳು. ಅರವತ್ತೆಂಟರ ಮುದುಕಿ, ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ತಯಾರಾಗಿಯೇ ಬಂದಿದ್ದಳು. "ನಾನೂ ಬರ್ತೀನಿ. ವಾರಾ ವಾರಾ ಎಲ್ಲಿ ಹೋಗ್ತಿ, ಏನ ಮಾಡ್ತಿ, ನೋಡೂಣು."

"ಬಿಸಲ ಐತವ್ವ. ಅಲ್ಲಿ ನಿನಗ ಏನ ಕೆಲಸ?"

"ನಿನಗ ಏನ ಕೆಲಸ ಐತಿ ಅದ ನೋಡಾಕ."

ಶಿವಕುಮಾರಿ ಸೀದ ಚಪಾತಿಯನ್ನು ಹಂಚಿನಿಂದ ತೆಗೆದಳು. ಅಂಗಡಿಗೆ ಧನರಾಜಣ್ಣ ಬರುವವನಿದ್ದ. ಧನರಾಜಣ್ಣ ಮೈದಾನದಲ್ಲಿ ಅವಳಿಗೆ ಆಟ ಹೇಳಿಕೊಡುವವನು, ಕಾರ್ಕಳದ ಕಡೆಯವನು. ಅವನು ಅವಳಿಗೆ ಮೇಡಂ ಎನ್ನುತ್ತಿದ್ದ, ಬೇರೆಯವರ ಮುಂದೆ ಕಾಂಟ್ರಾಕ್ಟರ ಮಗಳು ಎನ್ನುತ್ತಿದ್ದ. ಅದಕ್ಕೆ ಕಾರಣ ಅವಳೇ. ಮೂರನೇ ವಾರವೋ ನಾಲ್ಕನೇ ವಾರವೋ, ಬಿಳಿ ಕೈಗವಸು ತೊಟ್ಟ ಒಬ್ಬ ಹೆಂಗಸು ಪಕ್ಕದ ಜಾಗದಲ್ಲಿ ಚೆಂಡು ಹೊಡೆಯುತ್ತ, ನಿಮ್ಮ ಮನೆಯಲ್ಲಿ ಯಾರಾದರೂ ಆಡುತ್ತಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಹಾಗಿದ್ದೂ ಶಿವಕುಮಾರಿಯ ಬಾಯಿಂದ, ನಮ್ಮಪ್ಪ ಬಿಲ್ಡಿಂಗ್ ಕಾಂಟ್ರಾಕ್ಟರ್ ಆಗಿದ್ದರು, ಚಿಕ್ಕವಳಿದ್ದಾಗ ಚೆಂಬೂರಿನಲ್ಲಿ ಆಟ ತೋರಿಸುತ್ತಿದ್ದರು ಎಂಬ ಮಾತು ಜಾರಿಬಿತ್ತು, ಒಂದಿಷ್ಟೂ ತಡವರಿಸದೆ. ಅರ್ಧ ನಿಜ. ಚೆಂಬೂರಿನಲ್ಲಿ ಕಟ್ಟುತ್ತಿದ್ದ ಕಟ್ಟಡದ ಏಳನೇ ಸ್ಲ್ಯಾಬಿನಿಂದ ಅವಳು ಅಲ್ಲಿನ ಗಾಲ್ಫ್ ಮೈದಾನದ ಹಸಿರನ್ನು ನೋಡಿದ್ದಳು. ಅಪ್ಪ ದಾನಪ್ಪ ಕೆಳಗೆ ಕಾಂಕ್ರೀಟು ಕಲೆಸುತ್ತಿದ್ದ, ಅವ್ವ ಅದನ್ನು ತುಂಬಿದ ಕಬ್ಬಿಣದ ಘಮೇಲಿಯನ್ನು ತಲೆಯ ಮೇಲೆ ಹೊತ್ತು ಬಿದಿರಿನ ಏಣಿ ಹತ್ತಿ ಬರುತ್ತಿದ್ದಳು, ಏಳು ವರ್ಷದ ಇವಳು ಅಂಚಿಗೆ ಹೋಗದಂತೆ ಸೊಂಟಕ್ಕೆ ಕಟ್ಟಿದ ಸೀರೆಯ ಹಗ್ಗದ ತುದಿಯಲ್ಲಿ ಕೂತು, ದೂರದ ಹಸಿರಿನ ಮೇಲೆ ಬಿಳಿ ಬಟ್ಟೆಯ ನಾಲ್ವರು ಯಾವ ಭಾರವನ್ನೂ ಹೊರದೆ, ಯಾವ ಅವಸರವೂ ಇಲ್ಲದೆ ನಡೆಯುತ್ತಿರುವುದನ್ನು ನೋಡುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಇನ್ನರ್ಧ. ಹಿಂದೆ ಚೆಂಡು ಆರಿಸುತ್ತಿದ್ದ ಧನರಾಜಣ್ಣ ಅದನ್ನು ಕೇಳಿಸಿಕೊಂಡಿದ್ದ.

ಜಿಟಿಬಿ ನಗರ ಸ್ಟೇಷನ್ನಿನಲ್ಲಿ ಅವ್ವ ಮುಂದೆ, ಇವಳು ಹಿಂದೆ. ದಾರಿಯಲ್ಲೇ ಧನರಾಜಣ್ಣನಿಗೆ ಫೋನು ಮಾಡಿ ಬರಬೇಡಿ ಎನ್ನಬಹುದಿತ್ತು. ಆದರೆ ಅವನಿಲ್ಲದೆ ಕೊಳ್ಳುವ ಧೈರ್ಯ ಇಲ್ಲ, ಇನ್ನೊಂದು ವಾರ ಕಾಯುವುದಂತೂ ಆಗದ ಮಾತು. ಅವ್ವನಿಗೆ ಹೇಳಿಬಿಡಲೇ? ಏನೆಂದು? ಅಪ್ಪ ಸತ್ತು ಒಂಬತ್ತು ವರ್ಷವಾಯಿತು, ಸತ್ತವನನ್ನು ಬೇರೆ ಯಾರನ್ನಾಗಿಯೋ ಮಾಡಿದ್ದೇನೆ ಎಂದು? ಗಾಡಿ ಕುರ್ಲಾ ದಾಟಿತು. ಕಿಟಕಿಯ ಗಾಳಿ ಮುಖಕ್ಕೆ ಹೊಡೆದದ್ದೇ ನಾಚಿಕೆ, ಭಯ ಎಲ್ಲ ಒಂದು ಬದಿಗೆ ಸರಿದು ಮತ್ತೆ ಆ ತೆಳ್ಳನೆಯ ಅಲಗು ಕಣ್ಣಿಗೆ ಬಂತು. ತನ್ನ ಮನಸ್ಸು ಇಷ್ಟು ಹಗುರ ಎಂದು ಅವಳಿಗೇ ಆಶ್ಚರ್ಯವಾಯಿತು.

ಚೆಂಬೂರಿನ ಅಂಗಡಿ ಒಂದು ರಕ್ತ ಪರೀಕ್ಷೆಯ ಲ್ಯಾಬಿನ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಬುಡದಲ್ಲಿ ಟೊಪ್ಪಿ ಹಾಕಿಕೊಂಡು ಕಾಯುತ್ತಿದ್ದ ಧನರಾಜಣ್ಣ ಗುರುಬಾಯಿಯನ್ನು ನೋಡಿ ಕೈ ಮುಗಿದ. "ಅಮ್ಮನೂ ಬಂದ್ರಾ. ಒಳ್ಳೇದಾಯ್ತು." ಅಷ್ಟೇ ಹೇಳಿ ಮೆಟ್ಟಿಲು ಹತ್ತಿದ. ಶಿವಕುಮಾರಿ ಉಸಿರು ಬಿಟ್ಟಳು. ಒಳಗೆ ಏಸಿಯ ತಂಪು, ಹೊಸ ರಬ್ಬರಿನ ವಾಸನೆ, ಗೋಡೆಯುದ್ದಕ್ಕೂ ಸಾಲು ಸಾಲಾಗಿ ಹೊಳೆಯುವ ಐರನ್‌ಗಳು. ಅವಳಿಗೆ ಎಲ್ಲವನ್ನೂ ಒಟ್ಟಿಗೆ ಮುಟ್ಟಬೇಕೆನ್ನಿಸಿತು. ಅಂಗಡಿ ನೋಡಿಕೊಳ್ಳುವ ಮನೀಶ್ ಮಂಗಳೂರಿನವರ ಮಗ, ಮುಂಬೈಯಲ್ಲೇ ಹುಟ್ಟಿದವನು. ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ಹಿಂದಿಗೆ ಓಡುತ್ತಿತ್ತು. ಅವನು ಅವಳನ್ನು ಒಮ್ಮೆ ನೋಡಿ ಧನರಾಜಣ್ಣನನ್ನು ಕೇಳಿದ, "ಮೇಡಂ ಕಾ ಬಜೆಟ್ ಕ್ಯಾ ಹೈ, ಅಂಕಲ್?" ಉತ್ತರ ಬರುವ ಮೊದಲೇ ಗುಲಾಬಿ ಚೀಲದಲ್ಲಿದ್ದ ಒಂದು ಸೆಟ್ಟನ್ನು ಎಳೆದು ತಂದ. ಹೆಂಗಸರ ಸೆಟ್, ಹಗುರ, ಚೀಲದ ಮೇಲೆ ಚಿಟ್ಟೆಯ ಚಿತ್ರ. ಶಿವಕುಮಾರಿಯ ಕಿವಿ ಬಿಸಿಯಾಯಿತು. ಹನ್ನೊಂದು ತಿಂಗಳು, ಅಂಗೈಯಲ್ಲಿ ಜಡ್ಡುಗಟ್ಟಿದ ಮೂರು ಗಂಟು, ಬಿರಿದು ಒಣಗಿದ ಹೆಬ್ಬೆರಳು, ಇಷ್ಟೆಲ್ಲದರ ಮೇಲೆ ಚಿಟ್ಟೆ.

"ಅದಲ್ಲ. ಅದು," ಎಂದು ಅವಳು ಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿತ್ತು, ಮೊಬೈಲಿನಲ್ಲಿ ನೋಡಿದ್ದೇ. ಯಾರೋ ಬಳಸಿ ಮಾರಿದ್ದು, ಹಾಗಾಗಿ ಅವಳ ದುಡ್ಡಿಗೆ ಸರಿಯಾಗಿ ಎಟುಕುವಂತಿತ್ತು.

ಧನರಾಜಣ್ಣ ತಲೆ ತುರಿಸಿಕೊಂಡ. "ಅದು ಬೇಡ ಮಾರಾಯ್ರೆ. ಚಂದ ಉಂಟು, ನಾನು ಇಲ್ಲ ಅನ್ನುವುದಿಲ್ಲ. ಆದರೆ ನಡು ಮಧ್ಯಕ್ಕೆ ತಾಗಿದ್ರೆ ಮಾತ್ರ ಅದು ನಿಮ್ಮದು. ಒಂದು ಕೂದಲು ಆಚೆ ಈಚೆ ಆದ್ರೆ ಮೊಣಕೈವರೆಗೆ ಝುಂ ಅಂತದೆ. ಈ ದಪ್ಪದ್ದು ನೋಡಿ. ಹಿಂದೆ ಗುಳಿ ಉಂಟಲ್ಲ, ಭಾರ ಎಲ್ಲ ಅಂಚಿಗೆ ಹೋಗಿದೆ. ಇದು ನಿಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ತದೆ."

ಹೊಟ್ಟೆ ಎಂದದ್ದೇ ತಡ, ಅದು ಅವಳ ಕಣ್ಣಿಗೆ ಹೊಟ್ಟೆ ಬಂದ ಸೇಟ್‌ಜಿಯ ಹಾಗೆಯೇ ಕಂಡಿತು. ಅಡಿಯೂ ಅಗಲ, ಮೇಲಿನ ಅಂಚೂ ದಪ್ಪ. ನೋಡಿದವರಿಗೆಲ್ಲ ಇವಳು ತಪ್ಪುವವಳು ಎಂದು ಸಾರುವ ಐರನ್. "ಎರಡನ್ನೂ ಹೊಡೆದು ನೋಡ್ತೇನೆ," ಎಂದಳು.

ಮೂಲೆಯಲ್ಲಿ ಬಲೆ ಕಟ್ಟಿ ಹಸಿರು ಚಾಪೆ ಹಾಸಿದ್ದರು. ಬಲೆಗೆ ಹೊಡೆದರೆ ಚೆಂಡು ಎಷ್ಟು ಗಜ ಹೋಗುತ್ತಿತ್ತೆಂದು ಪರದೆ ಹೇಳುತ್ತಿತ್ತು. ಅವ್ವನಿಗೆ ಒಂದು ಸ್ಟೂಲು, ಕೈಗೆ ಚಹಾ. ಶಿವಕುಮಾರಿ ತೆಳ್ಳನೆಯ ಏಳನೇ ನಂಬರನ್ನು ಹಿಡಿದಾಗ ಅವಳ ಕುತ್ತಿಗೆಯ ಹಿಂದೆ ಕೂದಲು ನಿಮಿರಿತು. ಮೊದಲ ಚೆಂಡು ಅರವತ್ತೆರಡು ಗಜ. ಎರಡನೆಯದು ನಲವತ್ತೆಂಟು, ಮೂಳೆಯೊಳಗೆ ಯಾರೋ ತಂತಿ ಮೀಟಿದಂತೆ ನೋವು. ಎಪ್ಪತ್ತೊಂದು. ಒಂದು ಚೆಂಡು ಪಕ್ಕದ ಗೋಡೆಗೇ ಹೋಯಿತು, ಪರದೆ ಏನನ್ನೂ ಹೇಳಲಿಲ್ಲ. ಮನೀಶ್ ಮೊಬೈಲ್ ನೋಡತೊಡಗಿದ. ಆರನೆಯದು, ಏಳನೆಯದು, ಅವಳು ಪರದೆ ನೋಡುವುದನ್ನು ಬಿಟ್ಟಳು. ಎಂಟನೆಯದಕ್ಕೆ ಅದೇ ಆಯಿತು. ಕೈಗೆ ಏನೂ ತಾಗಲಿಲ್ಲ, ಬಲೆ ಒಂದು ಸಣ್ಣ ನಿಟ್ಟುಸಿರಿಟ್ಟಿತು, ಪರದೆಯ ಮೇಲೆ ನೂರ ಇಪ್ಪತ್ನಾಲ್ಕು. ಮನೀಶ್ ತಲೆಯೆತ್ತಿದ. ಅವಳು ಆ ಅಂಕಿಯನ್ನೇ ನೋಡಿದಳು. ಇದೇ ನಾನು, ಉಳಿದದ್ದೆಲ್ಲ ಅಭ್ಯಾಸವಿಲ್ಲದ್ದಕ್ಕೆ ಆದದ್ದು, ಇದು ಮಾತ್ರ ನಾನು. ಉಳಿದೆರಡನ್ನೂ ಹೊಡೆದಳು. ಐವತ್ತು, ಐವತ್ತೆಂಟು. ಆಮೇಲೆ ದಪ್ಪನೆಯದು. ನೂರ ನಾಲ್ಕು, ನೂರ ಒಂದು, ತೊಂಬತ್ತೊಂಬತ್ತು, ನೂರ ಆರು. ತಪ್ಪಿದೆ ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಿದ್ದದ್ದೂ ತೊಂಬತ್ನಾಲ್ಕಕ್ಕೆ ಹೋಗಿ ಬಿತ್ತು. ಹತ್ತೂ ಚೆಂಡು ಒಂದೇ ಅಂಗಳದಲ್ಲಿ.

"ಆ ತೆಳ್ಳಂದೇ ಕೊಡಿ," ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವ್ವ ಚಹಾದ ಕಪ್ಪನ್ನು ನೆಲಕ್ಕಿಟ್ಟಳು.

"ಮೊದಲಿಂದು ಹತ್ತರಾಗ ಒಂದ ನೆಟ್ಟಗ ಬಿತ್ತು. ಉಳದ ಒಂಬತ್ತಕ್ಕ ಕೂಲಿ ಯಾರ ಕೊಡ್ತಾರ?"

ಧನರಾಜಣ್ಣ ನಕ್ಕುಬಿಟ್ಟ. "ಹಾಗೆ ಹೇಳಿ ಅಮ್ಮ. ಕೂಲಿ ವಿಷಯ ನಿಮಗೆ ಗೊತ್ತಿಲ್ಲದೆ ಉಂಟಾ? ನಿಮ್ಮ ಯಜಮಾನರು ದೊಡ್ಡ ಕಾಂಟ್ರಾಕ್ಟರ್ ಆಗಿದ್ರಲ್ವಾ, ಮೇಡಂ ಹೇಳಿದ್ದಾರೆ."

ಶಿವಕುಮಾರಿ ಚಾಪೆಯ ಮೇಲಿನ ಚೆಂಡನ್ನೇ ನೋಡಿದಳು. ಅದರ ಮೈಮೇಲಿನ ಸಣ್ಣ ಸಣ್ಣ ಗುಳಿಗಳೆಲ್ಲ ಒಂದೊಂದಾಗಿ ಕಂಡವು. ಏಸಿ ಗುರುಗುಟ್ಟುತ್ತಿತ್ತು. ಅವ್ವ ತನ್ನನ್ನು ನೋಡುತ್ತಿದ್ದಾಳೆಂಬುದು ಬೆನ್ನಿಗೆ ತಿಳಿಯುತ್ತಿತ್ತು.

"ಹೌದ್ರಿ," ಅಂದಳು ಗುರುಬಾಯಿ. "ನಲವತ್ತ ಮಂದಿ ಇದ್ರು ಅವರ ಕೈಕೆಳಗ. ಶನಿವಾರಕ್ಕೊಮ್ಮೆ ಬಟವಾಡೆ. ನಾ ನೀಲಿ ಛತ್ರಿ ಹಿಡಕೊಂಡು ಹೋಗಿ, ಕುರ್ಚಿ ಹಾಕಿಸಿಕೊಂಡು ಕುಂದರ್ತಿದ್ದೆ."

ಶಿವಕುಮಾರಿ ತಿರುಗಿದಳು. ಅವ್ವ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು, ಸೆರಗನ್ನು ಭುಜದ ಮೇಲೆ ಎಳೆದುಕೊಂಡ ರೀತಿಯೇ ಬೇರೆಯಾಗಿತ್ತು. ಆ ನೀಲಿ ಛತ್ರಿ ಶಿವಕುಮಾರಿಗೆ ಗೊತ್ತಿತ್ತು. ನಿಜವಾದ ಕಾಂಟ್ರಾಕ್ಟರನ ಹೆಂಡತಿಯದು. ಆಕೆ ಕುರ್ಚಿಯಲ್ಲಿ ಕೂತು ಹೆಣ್ಣಾಳುಗಳನ್ನು ಕೊನೆಯವರೆಗೂ ಬಿಸಿಲಲ್ಲಿ ನಿಲ್ಲಿಸುತ್ತಿದ್ದಳು, ತನ್ನ ತಂಪು ನೀರಿನ ಮಡಕೆಯ ಹತ್ತಿರ ಬಂದ ಪುಟ್ಟ ಶಿವಕುಮಾರಿಯನ್ನು ಛತ್ರಿಯ ತುದಿಯಿಂದ ದೂರ ತಳ್ಳಿದ್ದಳು.

"ಆದ್ರ ಹೆಣ್ಣಾಳು ಗಂಡಾಳು ಅಂತ ನಾ ಫರಕ ಮಾಡಗೊಡಲಿಲ್ಲ," ಅವ್ವ ಹೇಳುತ್ತಿದ್ದಳು. "ಹೊರೂದು ಒಂದ ಭಾರ, ಕೂಲಿ ಯಾಕ ಎರಡ ನಮೂನಿ? ಎಲ್ಲಾರಿಗೂ ಸರಿ ಕೊಡಸ್ತಿದ್ದೆ. ಕೂಸಿದ್ದಾಕಿಗೆ ಹಾಲ ಕುಡಸಾಕ ಸುಟ್ಟಿ. ಕೂಸುಗೋಳಿಗೆ ಮ್ಯಾಲ ಬಿಸಲಾಗ ಕಟ್ಟಿಹಾಕಬ್ಯಾಡ್ರಿ ಅಂತ ಕೆಳಗ ತಾಡಪತ್ರಿ ಹಾಕಿಸಿ ನೆರಳ ಮಾಡಿಸಿದ್ದೆ. ತೊಟ್ಟಿಲಾನೂ ಕಟ್ಟಿಸಿದ್ದೆ, ನಾಕು."

ಮನೀಶ್ ಮೊಬೈಲನ್ನು ಜೇಬಿಗಿಟ್ಟು ಕೇಳುತ್ತಿದ್ದ. ಧನರಾಜಣ್ಣ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅವ್ವ ಒಂದೊಂದನ್ನೂ ನಿಧಾನವಾಗಿ, ಕಣ್ಣಿಗೆ ಕಟ್ಟಿದ್ದನ್ನು ಹೇಳುವಂತೆ ಹೇಳುತ್ತಿದ್ದಳು. ಮಗಳ ಸುಳ್ಳನ್ನು ಮುಚ್ಚಲು ಹೊರಟವಳು ಈಗ ಮಗಳನ್ನು ಮರೆತೇಬಿಟ್ಟಿದ್ದಳು. ತನ್ನ ಸುಳ್ಳು ಎಷ್ಟು ಬಡಕಲು ಎಂದು ಶಿವಕುಮಾರಿಗೆ ಆಗ ಕಂಡಿತು. ಅದರಲ್ಲಿ ತಾನೊಬ್ಬಳೇ ಮೇಲೇರಿದ್ದಳು, ಅವ್ವನ ಸುಳ್ಳಿನಲ್ಲಿ ನಲವತ್ತು ಜನ ನೆರಳಲ್ಲಿದ್ದರು.

"ಧನರಾಜಣ್ಣ," ಎಂದಳು. "ಅಪ್ಪ ಕಾಂಟ್ರಾಕ್ಟರ್ ಅಲ್ಲ. ಕಾಂಕ್ರೀಟು ಕಲೆಸುತ್ತಿದ್ದ. ಅವ್ವ ಘಮೇಲಿ ಹೊರುತ್ತಿದ್ದಳು. ಇಲ್ಲೇ ಚೆಂಬೂರಿನಲ್ಲಿ. ನಾನು ಸುಳ್ಳು ಹೇಳಿದ್ದೆ."

ಧನರಾಜಣ್ಣ ಟೊಪ್ಪಿಯ ಅಂಚನ್ನು ತಿರುಗಿಸುತ್ತ ನಿಂತ. ಅವನು ನಗಬಹುದು, ಬಿಡಿ ಮೇಡಂ ಅನ್ನಬಹುದು ಎಂದು ಅವಳು ಕಾದಳು. ಅವನು ನಗಲಿಲ್ಲ.

"ನಾನು ಇಪ್ಪತ್ತಾರು ವರ್ಷ ಇನ್ನೊಬ್ಬರ ಗಾಲ್ಫ್ ಬ್ಯಾಗ್ ಹೊತ್ತವ," ಎಂದ. "ಅವರ ಹತ್ತಿರ ಹಾಗೆ ಹೇಳಿದ್ರಿ, ಸರಿ. ನನ್ನ ಹತ್ತಿರ ನಿಜ ಯಾಕೆ ಹೇಳ್ಲಿಕ್ಕೆ ಆಗ್ಲಿಲ್ಲ?"

ಅವಳು ಕೈಯಲ್ಲಿದ್ದ ದಪ್ಪನೆಯ ಐರನ್ನನ್ನು ಗಟ್ಟಿಯಾಗಿ ಹಿಡಿದಳು. ಮುಖ ಸುಡುತ್ತಿತ್ತು. ವಿಚಿತ್ರವೆಂದರೆ, ಆ ಉರಿಯ ಕೆಳಗೇ ಹೆಗಲ ಮೇಲಿಂದ ಏನೋ ಇಳಿದಂತೆ ಹಿತವೂ ಆಗುತ್ತಿತ್ತು. ಸಿಟ್ಟು ಬಂದದ್ದು ಅವ್ವನಿಗೆ. "ಎಷ್ಟ ಛಂದ ಹೇಳಾಕತ್ತಿದ್ದೆ. ನಡಕ ಯಾಕ ಬಾಯಿ ಹಾಕಿದಿ ನೀ?"

"ಆಂಟಿ, ಆಗೇ ಬತಾವೋ ನ," ಎಂದು ಮುಂದಿನ ಕತೆ ಕೇಳಿದ ಮನೀಶ್. "ತೊಟ್ಟಿಲು... ಫಿರ್ ಕ್ಯಾ ಹುವಾ?"

"ಫಿರ್ ಏನ ಆಗತೈತಿ. ಹೊಟ್ಟಿ ತುಂಬ ಉಂಡ್ರು ಎಲ್ಲಾರೂ." ಗುರುಬಾಯಿ ಎದ್ದು ಬಂದು ಮಗಳ ಕೈಯಿಂದ ದಪ್ಪನೆಯ ಐರನ್ನನ್ನು ಕಿತ್ತುಕೊಂಡಳು. ತುದಿಯನ್ನು ನೆಲಕ್ಕೂರಿ, ಹಿಡಿಕೆಯನ್ನು ಅಂಗೈಯಲ್ಲಿ ಎರಡು ಸಲ ಹೊರಳಿಸಿ, ನಡುವಿನಲ್ಲಿ ಒಂದು ಬೆರಳ ಮೇಲೆ ತೂಗಿ ನೋಡಿದಳು. "ಭಾರ ಸರಿ ಐತಿ. ಕಾವು, ಈ ಹಿಡಿಕಿ, ಉದ್ದ ಆತು. ಹಿಂಗ ಉದ್ದ ಇದ್ರ ಹೊಡಿಯೂಮುಂದ ನೀ ಎದ್ದ ನಿಂದರ್ತಿ, ಅದಕ್ಕ ಮ್ಯಾಲ ಮ್ಯಾಲ ತಾಗತೈತಿ. ಗುದ್ದಲಿಗೂ ಹಂಗ. ಒಂದ ಬಟ್ಟ, ಬೆರಳಿನಷ್ಟ, ಕಡೀರಿ."

ಮನೀಶ್ ನಕ್ಕ. ಆಮೇಲೆ ಟೇಪು ತಂದು ಶಿವಕುಮಾರಿಯ ಮಣಿಕಟ್ಟಿನಿಂದ ನೆಲದವರೆಗೆ ಅಳೆದು, ತಲೆ ಕೆರೆದುಕೊಂಡು, ಅರ್ಧ ಇಂಚು, ಅಂಕಲ್, ಅಂದ. ಅವ್ವ ಹೇಳಿದ ಒಂದು ಬೆರಳಿಗಿಂತ ತುಸು ಕಡಿಮೆ. ಧನರಾಜಣ್ಣ ಮುಖ ಗಂಟಿಕ್ಕಿಕೊಂಡೇ ಮುಂದೆ ಬಂದ. ನಾಲ್ಕು, ಐದು ನಂಬರ್ ಇವರಿಗೆ ಈಗ ಬೇಡ, ಅವು ಚೆಂಡನ್ನು ಎತ್ತುವುದಿಲ್ಲ, ಆರರಿಂದ ಒಂಬತ್ತು ಮತ್ತು ಗಿಡ್ಡ ಹೊಡೆತದ ಎರಡು, ಅಷ್ಟನ್ನೇ ಕೊಡು ಎಂದ. ಸೆಟ್ ಒಡೆಯುವುದಿಲ್ಲ ಎಂದು ಮನೀಶ್, ಒಡೆಯದಿದ್ದರೆ ಬೇರೆ ಅಂಗಡಿ ಎಂದು ಗುರುಬಾಯಿ. ಶಿವಕುಮಾರಿ ಒಮ್ಮೆ ಗೋಡೆಯತ್ತ ನೋಡಿದಳು. ತೆಳ್ಳನೆಯವು ಮೊದಲಿನಷ್ಟೇ ಚಂದವಾಗಿದ್ದವು. ಅವು ಬೇಡವೆನ್ನಿಸಲಿಲ್ಲ, ಆಸೆ ಹಾಗೇ ಇತ್ತು. ಆದರೆ ಕೈ ದಪ್ಪನೆಯದರ ಮೇಲಿತ್ತು, ಮತ್ತು ಕೈಗೆ ಅವಸರವಾಗುತ್ತಿತ್ತು. ಹೋದ ವರ್ಷದ ಮಾದರಿ, ಒಬ್ಬರ ಕೈ ಬದಲಾದದ್ದು, ಅಡಿಯಲ್ಲಿ ನಾಲ್ಕು ಗೀರು. ಮನೀಶ್ ಕೊನೆಗೆ ಸೆಟ್ ಒಡೆದ, ಬೋನಸ್ಸಿನಲ್ಲಿ ವಾಪಸು ರೈಲಿಗೂ ಊಟಕ್ಕೂ ಉಳಿಯಿತು. ಒಳಗಿನ ಕೋಣೆಯಲ್ಲಿ ಕೊಳವೆ ಕತ್ತರಿಸಿ ಹೊಸ ರಬ್ಬರು ತೊಡಿಸುವಷ್ಟು ಹೊತ್ತೂ ಅವ್ವ ಅಲ್ಲೇ ನಿಂತು ನೋಡಿದಳು.

ಬೆನ್ನಿಗೆ ಚೀಲ ಏರಿದ ಮೇಲೆ ಮನೆಗೆ ಹೋಗುವ ಮಾತೇ ಬರಲಿಲ್ಲ. ಮೂವರೂ ಪನವೇಲ್ ಗಾಡಿ ಹತ್ತಿದರು, ಧನರಾಜಣ್ಣ ಗಂಡಸರ ಡಬ್ಬಿಗೆ, ಇವರು ಹೆಂಗಸರ ಡಬ್ಬಿಗೆ. ಎದುರಿಗೆ ಕೂತ ಹೆಂಗಸು ಚೀಲದಿಂದ ಇಣುಕುವ ಕಬ್ಬಿಣವನ್ನು ನೋಡಿ ಇದೇನೆಂದು ಮರಾಠಿಯಲ್ಲಿ ಕೇಳಿದಳು. "ಮಗಳ ಹತ್ಯಾರ," ಎಂದಳು ಗುರುಬಾಯಿ ಹೆಮ್ಮೆಯಿಂದ, ಕೆಲಸದ ಸಾಮಾನು ಎಂಬ ಅರ್ಥದಲ್ಲಿ. ಆಯುಧ ಎಂದುಕೊಂಡ ಆ ಹೆಂಗಸು ತನ್ನ ಚೀಲವನ್ನು ಎಳೆದುಕೊಂಡು ಬಾಗಿಲ ಕಡೆ ಸರಿದಳು. ಶಿವಕುಮಾರಿಗೆ ನಗು ತಡೆಯಲಾಗಲಿಲ್ಲ, ಮಾನ್‌ಖುರ್ದ್ ದಾಟಿ ಸಮುದ್ರದ ಖಾಡಿಯ ಸೇತುವೆ ಬಂದರೂ ನಗುತ್ತಿದ್ದಳು, ಕಣ್ಣಲ್ಲಿ ನೀರು ಬಂತು. ಅವ್ವನೂ ಏಕೆಂದು ತಿಳಿಯದೆ ನಕ್ಕಳು. ಆಮೇಲೆ ಮೆಲ್ಲಗೆ, ಸೇತುವೆಯ ಸದ್ದಿನ ನಡುವೆ, "ನಿಮ್ಮಪ್ಪ ಆಗಿದ್ರೂ ಛಲೋನ ಆಗ್ತಿದ್ದ ಬಿಡು, ಕಾಂಟ್ರಾಕ್ಟರ," ಎಂದಳು.

ಮೈದಾನದಲ್ಲಿ ಮಧ್ಯಾಹ್ನದ ಬಿಸಿಲು. ಚೆಂಡು ಹೊಡೆಯುವ ಸಾಲಿನ ಪಕ್ಕದ ಮರದ ಕೆಳಗೆ ಐವರು ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಹುಲ್ಲಿನ ಕಳೆ ಕೀಳುವವರು. ಹನ್ನೊಂದು ತಿಂಗಳಿಂದ ಶಿವಕುಮಾರಿ ಅವರನ್ನು ನೋಡಿದ್ದಳು, ಮರವನ್ನು ನೋಡಿದಂತೆ. ಅವ್ವ ನೇರ ಅವರಲ್ಲಿಗೆ ಹೋಗಿ ಯಾವೂರವ್ವ ಎಂದಳು. ತಮ್ಮದೇ ಇಂಡಿ ತಾಲೂಕಿನವರು ಇಬ್ಬರು. ಹಿರಿಯಳ ಹೆಸರು ಮಲ್ಲವ್ವ. ಸ್ವಲ್ಪ ಹೊತ್ತಿಗೆ ಅವ್ವನ ಕೈಯಲ್ಲೂ ಒಂದು ರೊಟ್ಟಿ ಇತ್ತು, ಆರು ಮುಖಗಳೂ ಇವಳತ್ತ ತಿರುಗಿದ್ದವು. ಬಿಳಿ ಕೈಗವಸಿನವರ ಮುಂದೆಯೂ ಇವಳು ಇಷ್ಟು ಸಲ ಸೆರಗು ಸರಿಮಾಡಿಕೊಂಡಿರಲಿಲ್ಲ. ಧನರಾಜಣ್ಣ ಹಿಂದೆ ಬಂದು ನಿಂತ. ಅವಳು ಏಳನೇ ನಂಬರು ತೆಗೆದಳು. ಮೊದಲ ಚೆಂಡು ಐರನ್ನಿನ ಹಿಮ್ಮಡಿಗೆ ತಾಗಿ ಕಪ್ಪೆಯ ಹಾಗೆ ಕುಪ್ಪಳಿಸಿ ಇಪ್ಪತ್ತು ಹೆಜ್ಜೆಯಲ್ಲಿ ಸತ್ತುಬಿತ್ತು. ಮರದ ಕೆಳಗೆ ನಗು.

"ಹೋಗ್ಲಿ ಬಿಡವಾ, ಇನ್ನೊಂದ ಹೊಡಿ," ಎಂದಳು ಮಲ್ಲವ್ವ.

ಶಿವಕುಮಾರಿಯೂ ನಕ್ಕಳು. ಹಿಂದಿನಿಂದ ಧನರಾಜಣ್ಣ, ದಿನದ ಮೊದಲ ಪಾಠದ ದನಿಯಲ್ಲಿ, "ತಲೆ ಎತ್ತಬೇಡಿ, ಶಿವಕುಮಾರಿ," ಎಂದ. ಮೇಡಂ ಎನ್ನಲಿಲ್ಲ. ಅವಳು ಮೊಣಕಾಲು ಮಡಿಸಿದಳು. ಹಿಡಿಕೆ ಇರಬೇಕಾದಲ್ಲಿ ಇತ್ತು, ನೆಲ ಇರಬೇಕಾದಲ್ಲಿ ಇತ್ತು. ಹೊಡೆದಳು. ಚೆಂಡು ತೀರ ನಡುವಿಗೆ ತಾಗಲಿಲ್ಲ, ಅದು ಕೈಗೆ ತಿಳಿಯಿತು, ಆದರೂ ಅದು ಎದ್ದಿತು, ಗುಡ್ಡದ ಮುಂದೆ ಬಿಳಿಯ ಚುಕ್ಕೆಯಾಗಿ, ಸ್ವಲ್ಪ ಬಲಕ್ಕೆ ವಾಲುತ್ತ, ವಾಲಿದ್ದೂ ಬೀಳದೆ ಹೋಗುತ್ತಲೇ ಇತ್ತು.

"ಎಲ್ಲಿ ಹೋತು?" ಅವ್ವನ ದನಿ. "ನಾ ಇಕೀನ್ನ ನೋಡಾಕತ್ತಿದ್ದೆ, ಚಂಡ ಕಾಣಲಿಲ್ಲ."

ಮಲ್ಲವ್ವ ಹಿಟ್ಟು ಮೆತ್ತಿದ ಕೈಯಿಂದ ಅವ್ವನ ಗಲ್ಲವನ್ನು ಹಿಡಿದು, ದೂರದ ನೂರು ಗಜದ ಹಲಗೆಯ ಕಡೆಗೆ ತಿರುಗಿಸಿದಳು. ಅಲ್ಲಿ ಚೆಂಡು ಇನ್ನೂ ಉರುಳುತ್ತಿತ್ತು.